ವಯಸ್ಸಾತು ಅಂತ ಸುಮ್ನ ಕೂಡಬ್ಯಾಡ್ರಿ

(ಸಂಘದ ವಾರ್ಷಿಕೋತ್ಸವದಲ್ಲಿ ಆಡಿದ ಮಾತು)



ನಮ್ಮ ಬಾಬಾಸಾಹೇಬರು ಸಕ್ಕರೆ ಕಾಯಿಲೆಯಿಂದ ಬಹಳ ಬಳಲಿದರು. 1956ರಲ್ಲಿ ಪರಿನಿರ್ವಾಣ ಹೊಂದಿದಾಗ ಅವರಿಗೆ 65 ವರ್ಷ. ಆ ವಯಸ್ಸಿನವರು ಇವತ್ತು ನಮ್ಮ ಪ್ರತಿ ಮನ್ಯಾಗ ಇದ್ದಾರ. "ಯಾಕಜ್ಜಾ ಸೊರಗೀದಿ?" ಅಂದ್ರ "ವಯಸ್ಸಾತಲ್ಲಪಾ" ಅಂತಾರ. ಎಲ್ಲಾನೂ ವಯಸ್ಸಿನ ಮ್ಯಾಲೆ ಹಾಕಬಾರದು.

ಸಕ್ಕರಿ, ಬಿ.ಪಿ., ಹೊಟ್ಟೆಯ ಬೊಜ್ಜು, ರಕ್ತದಾಗಿನ ಕೊಬ್ಬು, ಇವು ಒಂದರ ಬೆನ್ನಿಗೆ ಒಂದು ಬರ್ತಾವ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಎಚ್ಚರ. ಇವು ಹೃದಯ, ಕಿಡ್ನಿಯನ್ನಷ್ಟೇ ಕೆಡಿಸುವುದಿಲ್ಲ. ಬೊಜ್ಜು ಮತ್ತು ಸಕ್ಕರೆ ಕಾಯಿಲೆ ಇದ್ದವರಲ್ಲಿ ಯಕೃತ್ತು, ಮೇದೋಜೀರಕ ಗ್ರಂಥಿ, ದೊಡ್ಡ ಕರುಳು, ಗರ್ಭಕೋಶದ ಕ್ಯಾನ್ಸರಿನ ಅಪಾಯವೂ ಹೆಚ್ಚು. ಸಕ್ಕರಿ ಇದ್ದವರಿಗೆಲ್ಲ ಕ್ಯಾನ್ಸರ್ ಬರ್ತದ ಅಂತಲ್ಲ, ಅಂಜಬ್ಯಾಡ್ರಿ. ಆದ್ರ ಗುಳಿಗಿ, ಇಂಜೆಕ್ಷನ್ ನಡುವ ಬಿಡಬ್ಯಾಡ್ರಿ.

ಇನ್ನೊಂದು, ನಿಶ್ಶಕ್ತಿ. ಪ್ರಯತ್ನ ಇಲ್ಲದೆ ತೂಕ ಇಳಿಯೋದು, ಸದಾ ದಣಿವು, ಕೈಹಿಡಿತ ಸಡಿಲಾಗೋದು, ನಡಿಗೆ ನಿಧಾನ ಆಗೋದು, ಓಡಾಟ ಕಡಿಮೆ ಆಗೋದು. ಈ ಐದರಲ್ಲಿ ಮೂರು ಕಂಡರೆ ಡಾಕ್ಟರ ಹತ್ರ ಕರ್ಕೊಂಡು ಹೋಗ್ರಿ. ತೂಕ ತಾನಾಗೇ ಇಳಿಯೋದು ಕ್ಯಾನ್ಸರಿನ ಗುರುತೂ ಇರಬಹುದು. ಸ್ನಾಯು ಕರಗಿದ ಮುದುಕರಿಗೆ ಬಿದ್ದರೆ ಎಲುಬು ಮುರೀತದ, ಆಪರೇಷನ್, ಕೀಮೋ ತಾಳಿಕೊಳ್ಳೋದೂ ಕಷ್ಟ.

ಮಗ್ಗ ನಡೆಸಿ, ಬೀಡಿ ಕಟ್ಟಿ, ಕಬ್ಬು ಕಡಿದು ನಮ್ಮನ್ನ ಬೆಳೆಸಿದವರು ಮನ್ಯಾಗ ಬರೇ ಚಹಾ, ಬಿಸ್ಕೀಟು ತಿಂದು ಕೂಡಬಾರದು. ರೊಟ್ಟಿ ಜೋಡಿ ಬ್ಯಾಳಿ, ಶೇಂಗಾ, ತತ್ತಿ, ಮೀನು ಹಾಕ್ರಿ. ಕಿಡ್ನಿ ತ್ರಾಸ ಇದ್ದವರು ಮೊದಲು ಡಾಕ್ಟರನ್ನ ಕೇಳ್ರಿ. ದಿನಾ ನಡೀಲಿ, ಕುರ್ಚಿಯಿಂದ ಹತ್ತು ಸಲ ಎದ್ದು ಕೂಡ್ಲಿ. ತಂಬಾಕು, ಮಿಶ್ರಿ ಬಿಡಸ್ರಿ, ಬಾಯಿ ಕ್ಯಾನ್ಸರಿನ ದೊಡ್ಡ ಕಾರಣ ಅದು.

ನಮ್ಮ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲೇ 1987ರಿಂದ ಹಳ್ಳಿಗಳ ಕ್ಯಾನ್ಸರ್ ರೋಗಿಗಳ ಲೆಕ್ಕ ಇಡುತ್ತಿದ್ದಾರೆ. ಹಳ್ಳಿಗಳಿಗಾಗಿ ದೇಶದಲ್ಲಿ ಮೊದಲು ಶುರುವಾದದ್ದು ಅದೇ. ಇದು ಪ್ಯಾಟಿ ಮಂದಿ ರೋಗ ಅಷ್ಟೇ ಅಲ್ಲ. 30 ದಾಟಿದವರಿಗೆ ಸರಕಾರಿ ಆರೋಗ್ಯ ಕೇಂದ್ರದಾಗ ಬಿ.ಪಿ., ಸಕ್ಕರಿ, ಬಾಯಿ, ಸ್ತನ, ಗರ್ಭಕೋಶದ ಬಾಯಿಯ ತಪಾಸಣೆ ಪುಕ್ಕಟ. ಅದು ನಮ್ಮ ಹಕ್ಕು, ಯಾರ ಉಪಕಾರನೂ ಅಲ್ಲ.

ಗೆಳೆಯರೇ, ಕೂಲಿ ತಪ್ತದ ಅಂತ ಅವ್ವ ಅಪ್ಪ ದವಾಖಾನಿಗೆ ಹೋಗೋದಿಲ್ಲ. ಒಬ್ಬೊಬ್ಬರು ಇಬ್ಬಿಬ್ಬರು ಹಿರಿಯರ ಜವಾಬ್ದಾರಿ ತಗೋರಿ. ಗಾಡಿ ಮ್ಯಾಲೆ ಕೂಡಿಸಿಕೊಂಡು ಹೋಗ್ರಿ, ಚೀಟಿ ಮಾಡಸ್ರಿ, ಸಾಲಿನ್ಯಾಗ ನೀವು ನಿಂದರ್ರಿ. ಜಯಂತಿಗೆ ಧ್ವಜ ಹಿಡಿಯೋ ಕೈ ಅಷ್ಟು ಮಾಡ್ಲಿ.

ಜೈ ಭೀಮ್.