ಅತ್ತೆಯವರು ಕಲಿತ ತಮಿಳು



ಈ ಕನ್ನಡ ಕಾರ್ಯಕ್ರಮದಲ್ಲಿ ಕುಳಿತು ನಾನು ಇಂದು ತಮಿಳು ಧಾರಾವಾಹಿಗಳ ವಿಷಯ ಮಾತನಾಡಲಿದ್ದೇನೆ. ಕೆಲವರು ಹುಬ್ಬು ಗಂಟಿಕ್ಕಬಹುದು. ಗಂಟಿಕ್ಕಲಿ, ಮಾತು ಮುಗಿಯುವವರೆಗೆ ರೇಡಿಯೋ ಆರಿಸದಿದ್ದರೆ ಸಾಕು.

ಪರದೇಶವೆಂದರೆ ವಿಮಾನ ಹತ್ತಿಯೇ ಹೋಗಬೇಕೆಂದಿಲ್ಲ. ಗುಂಡ್ಲುಪೇಟೆಯಲ್ಲಿ ಬಸ್ಸು ಹತ್ತಿ, ಬಂಡೀಪುರ, ತೆಪ್ಪಕಾಡು, ಗೂಡಲೂರು ದಾಟಿ ಉದಕಮಂಡಲದಲ್ಲಿ ಇಳಿದರೂ ಆಯಿತು. ನೂರು ಕಿಲೋಮೀಟರಿನ ಆಸುಪಾಸಿನ ದಾರಿ. ಮಾವನವರು ತೀರಿಕೊಂಡ ಮೇಲೆ, 1999ರ ಕೊನೆಯಲ್ಲಿ, ನಮ್ಮ ಅತ್ತೆಯವರು ಹಾಗೆ ಬಂದಿಳಿದರು. ಬಿಸಿಲಿನ ಊರಿನವರು, ಇಲ್ಲಿ ಡಿಸೆಂಬರಿನ ಚಳಿ. ಮಗ ಬೆಳಗಿನ ಜಾವಕ್ಕೇ ತರಕಾರಿ ವ್ಯಾಪಾರಕ್ಕೆ ಹೊರಡುವವರು, ನಾನು ಹೊಲಿಗೆ ಅಂಗಡಿಗೆ, ಮೊಮ್ಮಗ ಶಾಲೆಗೆ. ಮುಚ್ಚಿದ ಬಾಗಿಲಿನ ಹಿಂದೆ ಅವರೊಬ್ಬರೇ ಕಂಬಳಿ ಹೊದ್ದು ಕೂತಿರುತ್ತಿದ್ದರು. ಬಾಗಿಲು ತೆರೆದರೂ ಮಾತಾಡುವುದು ಯಾರ ಹತ್ತಿರ? ಹಳ್ಳಿಯಲ್ಲಿ ಜಗಲಿ ತುಂಬ ಮಾತಾಡಿ ಬದುಕಿದವರು ಒಂದು ತಿಂಗಳಲ್ಲಿ ಸೊರಗಿಹೋದರು. ಊರಿಗೆ ಕಳಿಸಿಬಿಡಿ ಎಂದು ದಿನಕ್ಕೆರಡು ಸಲ ಹೇಳುತ್ತಿದ್ದರು. ಅಲ್ಲಿ ಇವರನ್ನು ನೋಡಿಕೊಳ್ಳುವವರು ಯಾರೂ ಉಳಿದಿರಲಿಲ್ಲ.

ಊರಿನಲ್ಲಿದ್ದಾಗ ಬೆಂಗಳೂರು ದೂರದರ್ಶನದಲ್ಲಿ ಟಿ.ಎನ್. ಸೀತಾರಾಮ್ ಅವರ ‘ಮಾಯಾಮೃಗ’ವನ್ನು ಅವರು ತಪ್ಪದೇ ನೋಡಿದ್ದರಂತೆ. ನಮ್ಮ ಕೇಬಲಿನಲ್ಲಿ ಆಗ ಕನ್ನಡ ಬರುತ್ತಿರಲಿಲ್ಲ. ಬರುತ್ತಿದ್ದದ್ದು ಸನ್ ಟಿ.ವಿ.; ಅದರಲ್ಲಿ ಅದೇ ಹೊತ್ತಿಗೆ ರಾಧಿಕಾ ಅವರ ‘ಚಿತ್ತಿ’ ಶುರುವಾಗಿತ್ತು. ಮೊದಲ ದಿನ ಹೆಸರು ಕೇಳಿ ಅತ್ತೆಯವರು, “ಏನವ್ವ ಇದು, ಚಿತ್ತೆ ಮಳೆ ಕತೆಯಾ?” ಎಂದರು. ಬೇಸಾಯದವರಿಗೆ ಹಾಗೆ ಕೇಳಿಸಿದ್ದು ಸಹಜವೇ. ಚಿತ್ತಿಯೆಂದರೆ ಚಿಕ್ಕಮ್ಮ ಎಂದೆ. ನನ್ನ ತಮಿಳೂ ಅಳತೆ ತೆಗೆದುಕೊಳ್ಳುವಷ್ಟರದೇ. ನಡುವೆ ಮಾತು ಅರ್ಥವಾಗದಾಗ ಇಬ್ಬರೂ ಮುಖ ಮುಖ ನೋಡಿಕೊಳ್ಳುತ್ತಿದ್ದೆವು. “ಮಾತು ತಿಳ್ಯಲ್ಲ ಕನವ್ವ, ಆದ್ರ ಆ ಹೆಣ್ಣು ಯಾಕ ಅಳ್ತಾಳ ಅನ್ನದು ತಿಳೀತದ” ಎನ್ನುತ್ತಿದ್ದರು.

ನಮ್ಮ ತೊಡಕು ಬಿಡಿಸಿದವರು ಪಕ್ಕದ ಮನೆಯ ಬಡಗ ಹೆಣ್ಣುಮಗಳು. ಅವರಿಗೆ ತಮಿಳು ಶಾಲೆಯಲ್ಲಿ ಕಲಿತ ಭಾಷೆ, ಬಡಗ ಮನೆಮಾತು. ಬಡಗಕ್ಕೂ ಕನ್ನಡಕ್ಕೂ ಇರುವ ನಂಟು ತಮಗೆಲ್ಲ ಗೊತ್ತೇ ಇದೆ. ತಮಿಳಿನ ಪಾಲು ಅವರ ಬಾಯಲ್ಲೂ ನಮ್ಮ ಹಾಗೆಯೇ ಹಾಲು. ರಾತ್ರಿ ಅಡಿಗೆ ಮುಗಿಸಿ ನಮ್ಮಲ್ಲಿಗೆ ಬಂದು, ಅತ್ತೆಯವರನ್ನು ‘ಹೆತ್ತೆ’ ಎಂದು ಕರೆದು, ಪಕ್ಕದಲ್ಲಿ ಕೂರುತ್ತಿದ್ದರು. ಪೆಟ್ಟಿಗೆಯಲ್ಲಿ ತಮಿಳು, ಕಿವಿಯ ಹತ್ತಿರ ಬಡಗ, ಅತ್ತೆಯವರ ಬಾಯಲ್ಲಿ ಗುಂಡ್ಲುಪೇಟೆಯ ಕನ್ನಡ. ಜಾಹೀರಾತು ಬಂದಾಗ ಮೂರೂ ಕೂಡಿ ಕಥೆಯ ನ್ಯಾಯಾನ್ಯಾಯ ತೀರ್ಮಾನವಾಗುತ್ತಿತ್ತು. ಒಬ್ಬರೇ ಕೂತು ನೋಡಿದ್ದರೆ ಅತ್ತೆಯವರು ನಾಲ್ಕು ದಿನದಲ್ಲಿ ಬಿಟ್ಟುಬಿಡುತ್ತಿದ್ದರು ಎಂದು ನನ್ನ ಎಣಿಕೆ.

ಇದು ನಮ್ಮ ಮನೆಯ ಕಥೆ ಮಾತ್ರವಲ್ಲ. ನನ್ನ ಅಕ್ಕನ ಮಗಳು ಅಮೆರಿಕದ ಟೆಕ್ಸಾಸಿನಲ್ಲಿದ್ದಾಳೆ. ಹೋದ ಹೊಸತರಲ್ಲಿ ಅವಳಿಗೂ ಹೀಗೆಯೇ ಮುಚ್ಚಿದ ಬಾಗಿಲು. ಅಲ್ಲಿ ಮೆಕ್ಸಿಕೋದಿಂದ ಬಂದವರು ಬಹಳ. ಸ್ಪ್ಯಾನಿಷ್ ವಾಹಿನಿಗಳೂ ಇವೆ. ಅವುಗಳ ಧಾರಾವಾಹಿ ನೋಡುತ್ತಾ ಕೂತವಳಿಗೆ ಮೊದಲು ಬಾಯಿಗೆ ಬಂದ ಪದ ‘ಕೊರಾಸೋನ್’, ಅಂದರೆ ಹೃದಯ. ಇಂಗ್ಲಿಷ್ ಕಲಿಯಲು ಹೋದವಳು ಸ್ಪ್ಯಾನಿಷ್ ಕಲಿತಳೆಂದು ಅಕ್ಕನಿಗೆ ಈಗಲೂ ಸಿಟ್ಟು.

ವಿಚಿತ್ರವೆಂದರೆ ನಮ್ಮ ದೇಶದ ಧಾರಾವಾಹಿಯ ಬೇರೂ ಆ ಕಡೆಯದೇ. 1969ರಲ್ಲಿ ಪೆರು ದೇಶದಲ್ಲಿ ‘ಸಿಂಪ್ಲೆಮೆಂತೆ ಮರಿಯಾ’ ಎಂಬ ಧಾರಾವಾಹಿ ಬಂತು. ಹಳ್ಳಿಯಿಂದ ಪಟ್ಟಣಕ್ಕೆ ಮನೆಗೆಲಸಕ್ಕೆ ಬಂದ ಹುಡುಗಿ ಹೊಲಿಗೆ ಕಲಿತು ಮೇಲೆ ಬರುವ ಕಥೆ. ಅದನ್ನು ನೋಡಿದ ಹೆಂಗಸರು ಹೊಲಿಗೆ ಯಂತ್ರ ಕೊಳ್ಳಲು ಮುಗಿಬಿದ್ದರು. ಹೊಲಿಗೆಯವಳಾದ ನನಗೆ ಈ ಸಂಗತಿ ತಿಳಿದಾಗ ಆದ ಸಂತೋಷ ಅಷ್ಟಿಷ್ಟಲ್ಲ. ಇದನ್ನು ಗಮನಿಸಿದ ಮೆಕ್ಸಿಕೋದ ಮಿಗೆಲ್ ಸಬಿಡೊ ಎಂಬುವರು, ಕಥೆಯಿಂದ ಯಂತ್ರ ಮಾರಬಹುದಾದರೆ ಅಕ್ಷರ ಏಕೆ ಕಲಿಸಬಾರದು ಎಂದು 1975ರಲ್ಲಿ ‘ವೆನ್ ಕೊನ್ಮಿಗೊ’ ತಯಾರಿಸಿದರು. ‘ನನ್ನೊಡನೆ ಬಾ’ ಎಂದರ್ಥ. ವಯಸ್ಕರ ಶಿಕ್ಷಣ ಅದರ ವಸ್ತು. ಆ ಮಾದರಿಯಿಂದಲೇ ನಮ್ಮ ದೂರದರ್ಶನದಲ್ಲಿ 1984ರ ಜುಲೈ 7ರಂದು ‘ಹಮ್ ಲೋಗ್’ ಶುರುವಾದದ್ದು. ಬರೆದವರು ಮನೋಹರ ಶ್ಯಾಮ ಜೋಶಿ. ಕಂತಿನ ಕೊನೆಯಲ್ಲಿ ಅಶೋಕ್ ಕುಮಾರ್ ಬಂದು ನಾಲ್ಕು ಮಾತಾಡುತ್ತಿದ್ದರು. ಹಿಂದಿ ಬಾರದವರೂ ಅದನ್ನು ನೋಡಿದರು.

‘ಚಿತ್ತಿ’ 2001ರಲ್ಲಿ ಮುಗಿಯಿತು. ಮರುವರ್ಷ ‘ಮೆಟ್ಟಿ ಒಲಿ’ ಬಂತು. ಮೆಟ್ಟಿಯೆಂದರೆ ಕಾಲುಂಗುರ, ತಂದೆಯೊಬ್ಬರು ಮತ್ತು ಅವರ ಐವರು ಹೆಣ್ಣುಮಕ್ಕಳ ಕಥೆ. ಅಷ್ಟರಲ್ಲಿ ಅತ್ತೆಯವರಿಗೆ ತಮಿಳು ಬಂದಿತ್ತು, ಆದರೆ ಎಂಥ ತಮಿಳು! ಮಾಮಿಯಾರ್, ಮರುಮಗಳ್, ನಾತ್ತನಾರ್, ಸಂಬಂಧಿ, ಸೊತ್ತು, ಕೈಯೆಳುತ್ತು ಎಲ್ಲವೂ ಗೊತ್ತು. ಆಸ್ತಿ ಪಾಲು ಮಾಡಿಸಬಲ್ಲರು, ಕೋರ್ಟಿನಲ್ಲಿ ಸಾಕ್ಷಿ ಹೇಳಬಲ್ಲರು. ಆಲೂಗಡ್ಡೆ ಬೆಳೆಯುವ ಊರಿನಲ್ಲಿದ್ದೂ ಅದನ್ನು ‘ಉರುಳೈಕಿಳಂಗು’ ಎನ್ನುತ್ತಾರೆಂದು ಗೊತ್ತಿಲ್ಲ. ಧಾರಾವಾಹಿಯಲ್ಲಿ ಯಾರೂ ಆಲೂಗಡ್ಡೆ ಕೊಳ್ಳುವುದಿಲ್ಲವಲ್ಲ! ನಾವು ನಗುತ್ತಿದ್ದೆವು.

2003ರಲ್ಲಿ ಒಂದು ಮದುವೆಗೆಂದು ನಾವು ಊರಿಗೆ ಹೋಗಿದ್ದೆವು. ಪಕ್ಕದ ಮನೆಯವರೂ ಅಂದು ಹಟ್ಟಿಗೆ ಹೋಗಿದ್ದರು. ಮಧ್ಯಾಹ್ನ ಅತ್ತೆಯವರಿಗೆ ಎದೆ ಹಿಡಿದುಕೊಂಡಿತು. ಮೆಲ್ಲಗೆ ರಸ್ತೆಗೆ ಬಂದು, ಆಟೋದವನನ್ನು ನಿಲ್ಲಿಸಿ, ಎದೆಯ ಮೇಲೆ ಕೈಯಿಟ್ಟು “ನೆಂಜು ವಲಿ, ತಂಬಿ” ಎಂದರಂತೆ. ಧಾರಾವಾಹಿಯ ಹಿರಿಯರು ವಾರಕ್ಕೊಮ್ಮೆಯಾದರೂ ಆಡುವ ಮಾತು. ಆತ ನೇರ ಆಸ್ಪತ್ರೆಗೆ ಕರೆದೊಯ್ದ. ಅಲ್ಲಿ ನರ್ಸು ಕೆಳಗಿನ ಬಯಲಿನವರು, ಕನ್ನಡದ ಒಂದಕ್ಷರ ತಿಳಿಯದವರು; ಅವರಿಗೂ ಅದೇ ಮಾತು ಹೇಳಿದರು, ಎಡಗೈ ಸೆಳೆಯುತ್ತದೆಂದು ತೋರಿಸಿದರು. ತಡವಿಲ್ಲದೆ ಔಷಧ ಸಿಕ್ಕಿತು. ನಾವು ರಾತ್ರಿ ಬಂದು ಓಡಿದಾಗ ಆ ನರ್ಸು, ಪಾಟಿ ಚೆನ್ನಾಗಿ ತಮಿಳು ಮಾತಾಡುತ್ತಾರೆ, ಯಾವೂರಿನವರು ಎಂದು ಕೇಳಿದರು.

ನನ್ನ ಮಗ ಕನ್ನಡ ಮಾತಾಡುತ್ತಾನೆ, ಓದಲಾರ. ಅದು ನನ್ನ ಮನಸ್ಸಿನಲ್ಲಿ ಈಗಲೂ ಮುಳ್ಳು. ಮನೆಯಲ್ಲಿ ತಮಿಳು ಧಾರಾವಾಹಿ ಹಾಕಿದ್ದರಿಂದಲೇ ಹೀಗಾಯಿತೆಂದು ನೆಂಟರು ಆಡಿಕೊಂಡದ್ದುಂಟು. ಅವನಿಗೆ ಅಕ್ಷರ ಕಲಿಸದ ತಪ್ಪು ನನ್ನದು, ಆ ಪೆಟ್ಟಿಗೆಯದಲ್ಲ ಎಂದು ಅವರಿಗೆ ಹೇಳಿದ್ದೇನೆ.

ಅತ್ತೆಯವರು ಐದು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ಆಮೇಲೆ ಆರು ವರ್ಷ ನಮ್ಮೊಡನಿದ್ದರು. ಬಂದ ಸಂಜೆ ಹಾಸಿಗೆಯಲ್ಲಿ ದಿಂಬಿಗೊರಗಿ ಕೂತು ಪಕ್ಕದ ಮನೆಯವರಿಗೆ ಹೇಳಿ ಕಳಿಸಿದರು. ಅವರು ಮಾತ್ರೆ, ಪಥ್ಯದ ಮಾತು ತೆಗೆದರೆ ಇವರಿಗೆ ಬೇಡ. ಐದು ದಿನದ ‘ಮೆಟ್ಟಿ ಒಲಿ’ಯಲ್ಲಿ ಏನೇನಾಯಿತು, ಅದು ಬೇಕು. ಆಕೆ ಸೆರಗು ಸಿಕ್ಕಿಸಿಕೊಂಡು ಮಂಚದ ತುದಿಯಲ್ಲಿ ಕೂತು, ಬಡಗದಲ್ಲಿ, ಒಂದೊಂದೇ ಕಂತು ಹೇಳತೊಡಗಿದರು.