ಶಾಲೆಯ ಲೆಕ್ಕ ಕೇಳೋರು ಯಾರು?



1882ರಲ್ಲಿ ಜ್ಯೋತಿಬಾ ಫುಲೆಯವರು ಹಂಟರ್ ಆಯೋಗದ ಮುಂದೆ ಒಂದು ಲೆಕ್ಕ ಇಟ್ಟರು. ತೆರಿಗೆ ಕಟ್ಟೋರು ದುಡಿಯೋ ಜನ, ಆ ಹಣದಲ್ಲಿ ಓದೋರು ಮೇಲ್ಜಾತಿಯವರ ಮಕ್ಕಳು, ಇದು ಯಾವ ನ್ಯಾಯ ಅಂತ. ಆ ಪ್ರಶ್ನೆ ಇನ್ನೂ ಹಳತಾಗಿಲ್ಲ.

ಇವತ್ತು ಒಂದು ಸೋಪು ಕೊಂಡರೂ ನಾವು ತೆರಿಗೆ ಕಟ್ಟುತ್ತೇವೆ. ಸಮಗ್ರ ಶಿಕ್ಷಣ ಯೋಜನೆಯ ಪ್ರತಿ ರೂಪಾಯಿಯಲ್ಲಿ 60 ಪೈಸೆ ಕೇಂದ್ರದ್ದು, 40 ಪೈಸೆ ರಾಜ್ಯದ್ದು ಅಂತಾರೆ. ಎರಡರಲ್ಲೂ ನಮ್ಮ ಬೆವರಿದೆ.

2009ರ ಶಿಕ್ಷಣ ಹಕ್ಕು ಕಾಯ್ದೆ ಏನು ಹೇಳುತ್ತೆ? ಸರ್ಕಾರಿ ಶಾಲೆಯ ಎಸ್‌ಡಿಎಂಸಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳೇ ಇರಬೇಕು. ಅರ್ಧ ಹೆಂಗಸರಿರಬೇಕು. ನಮ್ಮಂಥವರಿಗೆ ತಕ್ಕ ಪಾಲು ಸಿಗಬೇಕು. ಅನುದಾನದ ಖರ್ಚಿನ ಮೇಲೆ ಕಣ್ಣಿಡೋ ಕೆಲಸ ಈ ಸಮಿತಿಯದೇ.

ಆದರೆ ಎಷ್ಟೋ ಊರಲ್ಲಿ ನಡೆಯೋದೇನು? ಉಳ್ಳವರ ಮಕ್ಕಳು ಕಾನ್ವೆಂಟ್ ಬಸ್ಸು ಹತ್ತಿದರು. ಸರ್ಕಾರಿ ಶಾಲೆಯಲ್ಲಿ ಉಳಿದವರು ನಮ್ಮ ಮಕ್ಕಳು. ಆದರೂ ಸಮಿತಿಯ ಹೆಸರುಗಳು ತೀರ್ಮಾನ ಆಗೋದು ಊರ ಯಜಮಾನರ ಜಗಲಿಯಲ್ಲೇ. ಕೂಲಿ ಮುಗಿಸಿ ಬರೋ ನಮ್ಮಕ್ಕನ ಮುಂದೆ ಪುಸ್ತಕ ಹಿಡಿದು 'ಇಲ್ಲೊಂದು ರುಜು ಹಾಕವ್ವ' ಅಂತಾರೆ. ಹಾಕ್ತಾಳೆ. ಏನು ಬರೆದಿದೆ ಅಂತ ಯಾರೂ ಓದಿ ಹೇಳಲ್ಲ.

ಅದಕ್ಕೇ ಹೇಳ್ತೀನಿ, ಒಂದು ದಿನದ ಕೂಲಿ ಹೋದರೂ ಸಭೆಗೆ ಹೋಗಿ. ಲೆಕ್ಕ ಓದಿಸಿ ಕೇಳಿ. ಒಂದರಿಂದ ಐದನೇ ತರಗತಿವರೆಗೆ 60 ಮಕ್ಕಳಿಗೆ 2 ಮೇಷ್ಟ್ರು ಇರಬೇಕು ಅನ್ನುತ್ತೆ ಕಾಯ್ದೆ. ಇದ್ದಾರಾ, ಎಣಿಸಿ. ಐದನೇ ತರಗತಿ ಮಗುವಿನ ಕೈಯಲ್ಲಿ ಎರಡನೇ ತರಗತಿ ಪಾಠ ಓದಿಸಿ ನೋಡಿ. ರೂಪಾಯಿ ಲೆಕ್ಕಕ್ಕಿಂತ ದೊಡ್ಡ ಲೆಕ್ಕ ಅದು.

ತಿಳಿಯದೆ ರುಜು ಹಾಕಬೇಡಿ.

ಜೈ ಭೀಮ್.