ಶಾಲೆಯ ಲೆಕ್ಕ, ಮನೆಯ ಲೆಕ್ಕ

ಮಕ್ಕಳಿಗೆ ಬಡ್ಡಿಯ ಲೆಕ್ಕ ಕಲಿಸುತ್ತ ನನಗೆ ಇಪ್ಪತ್ತು ವರ್ಷಗಳು ಕಳೆದಿವೆ. ಪುಸ್ತಕದ ಲೆಕ್ಕಗಳಲ್ಲಿ ಸಾಲ ಮಾಡುವವನು ಬಹುಮಟ್ಟಿಗೆ ಹೆಸರಿಲ್ಲದ ಒಬ್ಬ ವ್ಯಾಪಾರಿ. ಅವಧಿ ಮುಗಿದ ದಿನ ಅಸಲನ್ನೂ ಬಡ್ಡಿಯನ್ನೂ ಒಂದೇ ಗಂಟಾಗಿ ತಂದು ಒಪ್ಪಿಸುವ ಸತ್ಪುರುಷ. ಅಂಥವನನ್ನು ನಮ್ಮೂರಿನಲ್ಲಿ ನಾನಂತೂ ಕಂಡಿಲ್ಲ. ನನ್ನ ವಿದ್ಯಾರ್ಥಿಗಳ ಮನೆಗಳಲ್ಲಿ ಸಾಲ ತೀರುವುದು ಕಂತುಗಳಲ್ಲಿ.

ಕಳೆದ ವರ್ಷ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ತಾಯಿಯ ಕಂತಿನ ಪುಸ್ತಕವನ್ನು ತಂದು ತೋರಿಸಿದಳು. ಹೊಲಿಗೆ ಯಂತ್ರಕ್ಕೆಂದು ಪಡೆದ 12,000 ರೂಪಾಯಿ ಸಾಲ. ಬಾಯಿಮಾತಿನಲ್ಲಿ ಹೇಳಿದ ಬಡ್ಡಿ ಶೇಕಡಾ 12. ತಿಂಗಳಿಗೆ 1,120 ರೂಪಾಯಿಯಂತೆ 12 ಕಂತು. "ಲೆಕ್ಕ ಸರಿಯಾಗಿದೆಯೆ ಸಾರ್?" ಎಂದು ಕೇಳಿದಳು. ವರ್ಷದ ಬಡ್ಡಿ 1,440. ಅಸಲಿಗೆ ಕೂಡಿಸಿ ಹನ್ನೆರಡರಿಂದ ಭಾಗಿಸಿದರೆ 1,120. ಸರಿಯಾಗಿದೆ ಎಂದು ಹೇಳಿ ಕಳಿಸಿದೆ.

ರಾತ್ರಿ ಮನಸ್ಸು ಒಪ್ಪಲಿಲ್ಲ. ಕೊನೆಯ ತಿಂಗಳಲ್ಲಿ ಆಕೆಯ ಬಳಿ ಉಳಿದಿರುವ ಅಸಲು ಒಂದು ಸಾವಿರ. ಕೊಡುವ ಬಡ್ಡಿ ಮಾತ್ರ ಪೂರ್ತಿ ಹನ್ನೆರಡು ಸಾವಿರದ್ದು, 120 ರೂಪಾಯಿ! ಅಸಲು ಕರಗುತ್ತ ಹೋದರೂ ಬಡ್ಡಿ ಕರಗದ ಈ ಲೆಕ್ಕ ನನ್ನ ಪಾಠದಲ್ಲಿ ಎಂದೂ ಬಂದಿರಲಿಲ್ಲ.

ಅಂತರ್ಜಾಲದಲ್ಲಿ ಹುಡುಕಿದೆ. ಮೊದಲು ಎದುರಾದುದು ಸಾಲ ಕೊಡುವವರೇ ಇರಿಸಿದ ಗಣಕ. ಉತ್ತರ ಹೇಳುವ ಮೊದಲು ಅದು ನನ್ನ ಫೋನಿನ ಸಂಖ್ಯೆಯನ್ನು ಕೇಳಿತು, ಕೊಟ್ಟೆ. ಮುಂದಿನ ಎರಡು ತಿಂಗಳು ಊಟದ ಹೊತ್ತಿಗೆ ಸರಿಯಾಗಿ ಸಾಲ ಬೇಕೆ ಎಂಬ ಕರೆಗಳು. ಆದುದರಿಂದ ಈಗ ನನ್ನ ತರಗತಿಯಲ್ಲಿ ಯಾವ ಪುಟವನ್ನು ತೆರೆದರೂ ಮೊದಲ ಪ್ರಶ್ನೆ, ಈ ಪುಟ ಯಾರದು, ಅವರು ಮಾರುವುದೇನು ಎಂಬುದು.

ಮಾರಾಟದ ಹಂಗಿಲ್ಲದ ಪುಟಗಳೂ ಉಂಟು. ರಿಸರ್ವ್ ಬ್ಯಾಂಕಿನ ಜಾಲತಾಣವಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಆರ್ಥಿಕ ಶಿಕ್ಷಣ ಕೇಂದ್ರದ ಪಾಠಗಳಿವೆ. ಹಣ ಪಡೆಯಲು ಯುಪಿಐ ಗುಪ್ತಸಂಖ್ಯೆ ಒತ್ತಬೇಕಿಲ್ಲ, ಮೋಸಹೋದರೆ ತಡಮಾಡದೆ 1930ಕ್ಕೆ ಕರೆಮಾಡಬೇಕು ಎಂಬಂಥ ಮಾತುಗಳನ್ನು ಮಕ್ಕಳು ಒಂದೇ ಗಳಿಗೆಯಲ್ಲಿ ಕಲಿಯುತ್ತಾರೆ. ನನಗೆ ಹೆಚ್ಚು ಉಪಯೋಗಕ್ಕೆ ಬಂದುದು ರಿಸರ್ವ್ ಬ್ಯಾಂಕಿನ 2024ರ ಸುತ್ತೋಲೆಯ ಜೊತೆಗಿರುವ ಒಂದು ನಮೂನೆ. 2024ರ ಅಕ್ಟೋಬರ್ 1ರಿಂದ ಬ್ಯಾಂಕುಗಳೂ ಹಣಕಾಸು ಸಂಸ್ಥೆಗಳೂ ಜನಸಾಮಾನ್ಯರಿಗೆ ಹೊಸ ಸಾಲ ಕೊಡುವಾಗ, ನಿಜವಾದ ವಾರ್ಷಿಕ ದರವನ್ನು ನಮೂದಿಸಿದ ಮುಖ್ಯಾಂಶಗಳ ಪತ್ರವನ್ನು, ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ, ಕೊಡಲೇಬೇಕು.

ಆ ನಮೂನೆಯನ್ನು ಅಚ್ಚುಮಾಡಿ ಹಂಚಿದೆ. ಆದರೆ ಗಣಕಯಂತ್ರದ ಕೋಣೆಗೆ ಹೋಗುವ ಮೊದಲು ಕರಿಹಲಗೆಯ ಮೇಲೆ ಮೂರು ತಿಂಗಳ ಲೆಕ್ಕವನ್ನು ಕೈಯಾರೆ ಮಾಡಿಸಿದೆ. ಉತ್ತರ ತಾನಾಗಿ ಬಂದರೆ ಮಕ್ಕಳು ಅದನ್ನು ನಂಬುತ್ತಾರೆಯೇ ಹೊರತು ಅರಿಯುವುದಿಲ್ಲ. ಉಳಿದ ಒಂಬತ್ತು ತಿಂಗಳುಗಳನ್ನು ಯಂತ್ರಕ್ಕೆ ಬಿಟ್ಟೆವು. ಇಳಿಯುವ ಅಸಲಿನ ಮೇಲೆ ಶೇಕಡಾ 12ರಂತೆ ಬಡ್ಡಿ ಸುಮಾರು 794 ರೂಪಾಯಿ. ಆಕೆ ಕೊಡುತ್ತಿದ್ದುದು 1,440. ನಿಜವಾದ ದರ ಶೇಕಡಾ 21.5ರ ಸಮೀಪ. ತರಗತಿ ಸ್ತಬ್ಧವಾಯಿತು.

ಸಾಲ ಯಾರದೆಂದು ನಾನು ಹೇಳಿರಲಿಲ್ಲ. ಮನೆಯ ಸಾಲವನ್ನು ಶಾಲೆಯಲ್ಲಿ ಬಯಲು ಮಾಡುವ ಹಕ್ಕು ಶಿಕ್ಷಕನಿಗಿಲ್ಲ. ಕಿರುಸಾಲದ ವಸೂಲಿಗಾರರ ಕಿರುಕುಳ ತಡೆಯಲು 2025ರಲ್ಲಿ ನಮ್ಮ ಸರ್ಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತೆಂದರೆ, ಈ ಮಾತಿನ ಹಿಂದೆ ಎಷ್ಟು ಮನೆಗಳ ಸಂಕಟವಿದೆಯೆಂದು ಊಹಿಸಬಹುದು.

ಸಂಜೆ ಹುಡುಗಿಯ ಮನೆಗೆ ಹೋಗಿ, ಅಂದು ಸರಿಯೆಂದು ಹೇಳಿದ್ದು ನನ್ನ ತಪ್ಪೆಂದು ತಾಯಿಗೆ ತಿಳಿಸಿದೆ. ಆಕೆ ಪಡಿತರ ಚೀಟಿಯ ಜೊತೆ ಮಡಿಸಿಟ್ಟಿದ್ದ ಕಾಗದವೊಂದನ್ನು ತಂದುಕೊಟ್ಟರು. ಅದೇ ಮುಖ್ಯಾಂಶಗಳ ಪತ್ರ; ಕನ್ನಡದಲ್ಲಿಯೇ ಇತ್ತು, ದರವೂ ಅಚ್ಚಾಗಿತ್ತು. ಮಗಳು ಅದನ್ನು ಗಟ್ಟಿಯಾಗಿ ಓದಿದಳು.

ತಾಯಿ ಕೇಳಿಸಿಕೊಂಡು ಹೊಲಿಗೆ ಯಂತ್ರದ ಕಡೆ ನೋಡಿದರು. "ಒಂಬತ್ತು ಕಂತು ಕಟ್ಟಿ ಆಯ್ತಲ್ಲ ಮೇಷ್ಟ್ರೇ, ಇನ್ನು ಮೂರೇ" ಎಂದರು. ಕಾಗದವನ್ನು ಈ ಸಲ ಮಗಳ ಕೈಗೆ ಕೊಟ್ಟರು.